ಮಂಡಿಚಿಪ್ಪಿನ ಹಳೇ ನೋವು: ಲ್ಯಾಟರಲ್ ರಿಲೀಸೋ, ಟ್ಯೂಬರ್ಕಲ್ ಸರಿಸೋದೋ?

ಕೆರೆದಂಡೆ
ಚರ್ಚೆಗೆ ಒಂದು ಮಾದರಿ ಕೇಸ್ ಇಡ್ತಿದ್ದೀನಿ. ವಯಸ್ಸು 34. ಎರಡು ವರ್ಷದಿಂದ ಚಿಪ್ಪಿನ ಸುತ್ತ ನೋವು. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂತು ಏಳುವಾಗ, ಬಸ್ಸಲ್ಲಿ ಕಾಲು ಮಡಚಿ ಕೂತಾಗ ಜಾಸ್ತಿ. ಚಿಪ್ಪು ಒಮ್ಮೆಯೂ ಜಾರಿಲ್ಲ, ಬಿದ್ದ ಪೆಟ್ಟೂ ಇಲ್ಲ. ಎಂಆರ್‌ಐ ಪ್ರಕಾರ ಚಿಪ್ಪಿನ ಹೊರಮಗ್ಗುಲು ಮತ್ತು ಕೆಳತುದಿಯ ಕಡೆ ಕಾರ್ಟಿಲೇಜ್ (ಮೂಳೆ ಮೇಲಿನ ನುಣುಪು ಪದರ) ಗ್ರೇಡ್ 3 ಸವೆತ, ಟಿಲ್ಟ್ (ಚಿಪ್ಪಿನ ವಾಲಿಕೆ) 22 ಡಿಗ್ರಿ, ಟಿಟಿ-ಟಿಜಿ (ಚಿಪ್ಪಿನ ರಜ್ಜು ಎಷ್ಟು ಹೊರಗಿದೆ ಅನ್ನೋ ಅಳತೆ) 18 ಮಿ.ಮೀ., ಕೇಟನ್-ಡೆಶಾಂಪ್ (ಚಿಪ್ಪು ಕೂತಿರೋ ಎತ್ತರದ ಅಳತೆ) 1.1. ಫಿಸಿಯೋ "ಆಗಿದೆ". ಒಬ್ಬ ಸರ್ಜನ್ "ದೂರ್ಬೀನು ಹಾಕಿ ಲ್ಯಾಟರಲ್ ರಿಲೀಸ್ ಮಾಡೋಣ, ಸಂಜೆಗೇ ಮನೆ" ಅಂತಾರೆ, ಅಂದರೆ ಚಿಪ್ಪಿನ ಹೊರಮಗ್ಗುಲ ಪಟ್ಟಿ ಕತ್ತರಿಸೋದು. ಇನ್ನೊಬ್ಬರು "ಮೂಳೆ ಕಡಿದು ಸರಿಸಬೇಕು, ಒಂದೂವರೆ ತಿಂಗಳು ಊರುಗೋಲು" ಅಂತಾರೆ, ಅಂದರೆ ಮಂಡಿ ಕೆಳಗೆ ಚಿಪ್ಪಿನ ರಜ್ಜು ಅಂಟಿರೋ ಮೂಳೆಯುಬ್ಬು, ಟ್ಯೂಬರ್ಕಲ್, ಸರಿಸೋದು. ಒಂದೇ ಫಿಲ್ಮ್ ನೋಡಿ ಇಷ್ಟು ದೂರದ ಎರಡು ಮಾತು ಹೇಗೆ?

ಧಾರವಾಡದ ಫಿಸಿಯೋ
ಮೊದಲು ಆ "ಆಗಿದೆ" ಅನ್ನೂದನ್ನ ಬಿಡಿಸಿ ಬರೀರಿ. ಹತ್ತು ದಿನ ಐಎಫ್‌ಟಿ (ಕರೆಂಟಿನ ಚಿಕಿತ್ಸೆ), ಅಲ್ಟ್ರಾಸೌಂಡ್, ಬಿಸಿ ಶಾಖ ಕೊಟ್ಟಿದ್ರ ಅದು ಲೆಕ್ಕಕ್ಕಿಲ್ರೀ. ಕನಿಷ್ಠ 12 ವಾರ, ವಾರಕ್ಕ ಮೂರು ದಿನ, ಭಾರ ಏರಿಸ್ಕೋತ ಹೋಗಿರ್ಬೇಕು. ತೊಡಿ ಮುಂದಿನ ಸ್ನಾಯು ಅಷ್ಟ ಅಲ್ಲ, ಸೊಂಟದ ಪಕ್ಕದ ಸ್ನಾಯುನೂ ಬೇಕು. ಅದು ಸೋತರ ಒಂದ ಕಾಲ ಮ್ಯಾಲೆ ಮೆಟ್ಟಿಲು ಇಳಿಯೂ ಮುಂದ ಮಂಡಿ ಒಳಗ ವಾಲ್ತದ.

ಕೋನದ ಲೆಕ್ಕ ತಪ್ಪಿದ್ರ ವ್ಯಾಯಾಮನ ನೋವು ಹೆಚ್ಚಿಸ್ತದ. ಪಾದ ನೆಲಕ್ಕೂರಿ ಮಾಡೂ ಸ್ಕ್ವಾಟ್ 0ರಿಂದ 45 ಡಿಗ್ರಿ ಒಳಗ ಇರ್ಲಿ. ಕುರ್ಚಿ ಮ್ಯಾಲೆ ಕೂತು ಕಾಲು ನೀಡೂ ವ್ಯಾಯಾಮ 90ರಿಂದ 45ರ ತನಕ ಮಾತ್ರ, ಪೂರ್ತಿ ನೀಟ ಮಾಡೂದು ಬ್ಯಾಡ. ಎರಡೂ ವ್ಯಾಪ್ತಿಯೊಳಗ ಚಿಪ್ಪಿನ ಮ್ಯಾಲಿನ ಒತ್ತಡ ಕಡಿಮಿ. 8–12 ಸಲ, ಮೂರು ಸೆಟ್. ಹತ್ತಕ್ಕ ಮೂರರಷ್ಟು ನೋವು ನಡೀತದ, ಮರುದಿನ ಮುಂಜಾನೆ ಇಳಿದಿರ್ಬೇಕು. ಇಳಿದಿಲ್ಲಂದ್ರ ಭಾರ ಕಡಿಮಿ ಮಾಡ್ರಿ, ವ್ಯಾಯಾಮ ಬಿಡಬ್ಯಾಡ್ರಿ.

ಇಷ್ಟು ಯಾಕ ಹೇಳ್ತೀನಿ ಅಂದ್ರ, ಫಿನ್ಲೆಂಡ್‌ನಾಗ 56 ಮಂದಿಗೆ ಚೀಟಿ ಎತ್ತಿದಂಗ ಪಾಲು ಮಾಡಿ ನೋಡ್ಯಾರ. ಅರ್ಧ ಮಂದಿಗೆ ಆರ್ತ್ರೋಸ್ಕೋಪಿ (ದೂರ್ಬೀನು ಆಪರೇಷನ್) ಜೊತಿಗೆ ವ್ಯಾಯಾಮ, ಅರ್ಧ ಮಂದಿಗೆ ಬರೇ ವ್ಯಾಯಾಮ. 2007ರಾಗ ಬಂದ ವರದಿ ಪ್ರಕಾರ ಒಂಬತ್ತು ತಿಂಗಳಿಗೆ ಎರಡೂ ಗುಂಪು ಒಂದ. ಐದು ವರ್ಷ ಬಿಟ್ಟು ನೋಡಿದಾಗೂ ಅಷ್ಟ.

ಸ್ಕ್ರೂಡ್ರೈವರ್
ಫಿಸಿಯೋ ಹೇಳಿದ್ದಕ್ಕೆ ಒಂದು ಅಡಿಟಿಪ್ಪಣಿ. ಆ ಅಧ್ಯಯನದಲ್ಲಿದ್ದವರು ಸಾಮಾನ್ಯ ಚಿಪ್ಪು ನೋವಿನವರು. ರಚನೆಯಲ್ಲೇ ದೋಷ ಇರೋರಿಗೆ ಅದನ್ನು ನೇರವಾಗಿ ಅನ್ವಯಿಸೋ ಹಾಗಿಲ್ಲ. ಈ ಕೇಸಲ್ಲಿ ಟಿಲ್ಟ್ ಇದೆ, ಸವೆದ ಜಾಗವೂ ಟಿಲ್ಟ್‌ಗೆ ಹೊಂದುತ್ತೆ. ಅಂದರೆ ಆಪರೇಷನ್ ಬಗ್ಗೆ ಮಾತಾಡೋಕೆ ಕಾರಣ ಇದೆ, ಆದರೆ ಆ 12 ವಾರ ಆದಮೇಲೆ.

ಈಗ ರಿಲೀಸ್. ಚಿಪ್ಪಿನ ಹೊರಮಗ್ಗುಲಲ್ಲಿ ಅದನ್ನು ಎಳೆದು ಹಿಡಿಯೋ ಪಟ್ಟಿ ರೆಟಿನಾಕುಲಮ್. ಅದು ಬಿಗಿಯಾದರೆ ಚಿಪ್ಪು ಹೊರಕ್ಕೆ ವಾಲಿ ಹೊರಮಗ್ಗುಲ ಕಾರ್ಟಿಲೇಜನ್ನು ಅರೆಯುತ್ತೆ. ಆ ಪಟ್ಟಿ ಕತ್ತರಿಸಿದರೆ ಟಿಲ್ಟ್ ಇಳಿಯುತ್ತೆ, ಅಷ್ಟೇ ಅದರ ಕೆಲಸ. ಚಿಪ್ಪು ಓಡೋ ದಾರಿಯನ್ನು ಅದು ಬದಲಿಸಲ್ಲ. ಟಿಲ್ಟ್ ಇಲ್ಲದ ಮಂಡಿಗೆ, ಅಥವಾ ಕೈಯಲ್ಲಿ ಅಲ್ಲಾಡಿಸಿದರೆ ಎಲ್ಲ ಕಡೆಗೂ ಸಡಿಲವಾಗಿರೋ ಚಿಪ್ಪಿಗೆ ಮಾಡಿದರೆ ಕೆಡುಕೇ ಹೆಚ್ಚು. ಒಂದು ಕಾಲದಲ್ಲಿ "ಮಂಡಿ ಮುಂದೆ ನೋವಾ, ರಿಲೀಸ್ ಮಾಡು" ಅನ್ನೋ ಹಾಗೆ ಮಾಡಿದ್ದರ ಫಲ ಇವತ್ತಿಗೂ ಒಪಿಡಿಗೆ ಬರ್ತಿದೆ.

ಎಲ್ಲಿ ತಪ್ಪುತ್ತೆ ಅಂದರೆ, ಕತ್ತರಿ ಚಿಪ್ಪಿನ ಮೇಲಂಚು ದಾಟಿ ವ್ಯಾಸ್ಟಸ್ ಲ್ಯಾಟರಾಲಿಸ್ (ತೊಡೆಯ ಹೊರಮಗ್ಗುಲ ಸ್ನಾಯು) ರಜ್ಜುವಿಗೆ ನುಗ್ಗೋದು ಮೊದಲನೆಯದು. ಚಿಪ್ಪು ಒಳಕ್ಕೆ ಜಾರದ ಹಾಗೆ ತಡೆದು ನಿಲ್ಲಿಸೋದರಲ್ಲಿ ಆ ರಜ್ಜುವಿನ ಪಾಲು ದೊಡ್ಡದು. ಅದು ಹೋದರೆ ಚಿಪ್ಪು ಒಳಕ್ಕೆ ಜಾರೋಕೆ ಶುರು, ಹೊಸ ನೋವು ಹಳೆಯದಕ್ಕಿಂತ ಕೆಟ್ಟದ್ದು. ಹಗ್‌ಸ್ಟನ್ ಮತ್ತು ಡೀಸ್ ಅನ್ನೋ ಸರ್ಜನ್‌ಗಳು 1988ರಲ್ಲೇ ಈ ತೊಂದರೆ ಬಗ್ಗೆ ಬರೆದರು. ಎರಡನೆಯದು "ಚಿಪ್ಪು 90 ಡಿಗ್ರಿ ಮೇಲೇಳಬೇಕು" ಅನ್ನೋ ಹಳೇ ಅಳತೆ. ಅಷ್ಟೆತ್ತರ ಏಳ್ತು ಅಂದರೆ ಅತಿಯಾಗಿ ಕತ್ತರಿಸಿದ್ದಾರೆ ಅಂತಲೇ ಅರ್ಥ. ಚಿಪ್ಪು ಸಮತಟ್ಟಾದರೆ ಸಾಕು.

ಥಿಯೇಟರ್ ಸಿಸ್ಟರ್
ರಕ್ತಸ್ರಾವದ ವಿಷಯ ಬಿಟ್ಟುಬಿಟ್ರಿ ಸರ್. ಹೊರಮಗ್ಗುಲ ಮೇಲ್ಭಾಗದಲ್ಲಿ ಸುಪೀರಿಯರ್ ಲ್ಯಾಟರಲ್ ಜೆನಿಕ್ಯುಲರ್ ರಕ್ತನಾಳ ಸರಿಯಾಗಿ ಕತ್ತರಿ ಹೋಗೋ ದಾರಿಯಲ್ಲೇ ಇದೆ. ಟೂರ್ನಿಕೆ (ರಕ್ತ ತಡೆಯೋಕೆ ತೊಡೆಗೆ ಸುತ್ತೋ ಪಟ್ಟಿ) ಬಿಗಿದಿರೋವಾಗ ಒಂದು ಹನಿಯೂ ಕಾಣಲ್ಲ, ಸ್ಕ್ರೀನಲ್ಲಿ ಎಲ್ಲ ಚೊಕ್ಕ. ಬ್ಯಾಂಡೇಜ್ ಸುತ್ತಿ ಟೂರ್ನಿಕೆ ಬಿಟ್ಟಮೇಲೆ ವಾರ್ಡಲ್ಲಿ ಮಂಡಿ ತೆಂಗಿನಕಾಯಿ ಥರ ಊದಿಕೊಳ್ಳುತ್ತೆ. ಹೊಲಿಗೆಗೆ ಮುಂಚೆ ಟೂರ್ನಿಕೆ ಇಳಿಸಿ, ದೂರ್ಬೀನಿಗೆ ಅಂತ ಮಂಡಿಯೊಳಗೆ ಪಂಪ್ ಮಾಡೋ ನೀರಿನ ಒತ್ತಡವನ್ನೂ ತಗ್ಗಿಸಿ, ಜಿನುಗೋ ಜಾಗ ಸುಟ್ಟು ಆಮೇಲೆ ಮುಚ್ಚಬೇಕು. ಪಂಪ್ ಒತ್ತಡ ಇಳಿಸದೇ ನೋಡಿದರೆ ನೀರೇ ರಕ್ತನಾಳ ಒತ್ತಿ ಹಿಡಿದಿರುತ್ತೆ, ನೋಡಿಯೂ ನೋಡದ ಹಾಗೆ. ಒಳಗೆ ರಕ್ತ ಕಟ್ಟಿದ ಮಂಡಿಯಲ್ಲಿ ತೊಡೆಸ್ನಾಯು ಕೆಲಸ ನಿಲ್ಲಿಸುತ್ತೆ, ಮಡಚೋದು ವಾರಗಟ್ಟಲೆ ಹಿಂದೆ ಬೀಳುತ್ತೆ.

ಎರಡನೇ ಅಭಿಪ್ರಾಯ
ಕತ್ತರಿಸಿ ಬಿಡೋ ಬದಲು ಉದ್ದ ಮಾಡಿ ಹೊಲಿಯೋ ವಿಧಾನ ಇದೆಯಲ್ಲ, ಅದರ ಬಗ್ಗೆ ಯಾರೂ ಮಾತಾಡ್ತಿಲ್ಲ?

ಸ್ಕ್ರೂಡ್ರೈವರ್
ಲೆಂಗ್ತನಿಂಗ್. ಟಿಲ್ಟ್ ಒಂದೇ ದೋಷವಾಗಿದ್ದರೆ ನನ್ನ ಮತ ಅದಕ್ಕೇ. ಹೊರಮಗ್ಗುಲ ಪಟ್ಟಿಯಲ್ಲಿ ಎರಡು ಪದರ ಇದೆ, ಮೇಲಿನದು ಓರೆ, ಒಳಗಿನದು ಅಡ್ಡ. ನಾಲ್ಕೈದು ಸೆಂ.ಮೀ. ಗಾಯ ಮಾಡಿ ಮೇಲಿನ ಪದರವನ್ನು ಚಿಪ್ಪಿನ ಅಂಚಿನ ಹತ್ತಿರ ಕತ್ತರಿಸಿ, ಒಳಪದರದಿಂದ ಬಿಡಿಸಿ ಹಿಂದಕ್ಕೆ ಸರಿಸ್ತಾರೆ. ಒಂದೂವರೆ ಸೆಂ.ಮೀ. ಹಿಂದೆ ಒಳಪದರ ಕತ್ತರಿಸ್ತಾರೆ. ಈಗ ಚಿಪ್ಪಿಗೆ ಅಂಟಿಕೊಂಡಿರೋ ಒಳಪದರದ ತುದಿಗೆ ಮೇಲ್ಪದರದ ತುದಿ ಸೇರಿಸಿ ಹೊಲಿದರೆ ಪಟ್ಟಿ ಅಷ್ಟು ಉದ್ದ ಆಯ್ತು. ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡ್ತಾರಲ್ಲ, ಹಾಗೆ. ಹೊಲಿಯುವಾಗ ಮಂಡಿ ಮಡಚಿರಬೇಕು. ನೀಟ ಇಟ್ಟು ಹೊಲಿದರೆ ಮಡಚಿದಾಗ ಮತ್ತೆ ಬಿಗಿ.

ಪಟ್ಟಿ ಉಳಿಯೋದರಿಂದ ಚಿಪ್ಪು ಒಳಕ್ಕೆ ಜಾರೋ ಭಯ ಕಡಿಮೆ, ಸ್ನಾಯುವಿನ ಬಲವೂ ಬೇಗ ಮರಳುತ್ತೆ. ಗಾಯ ಕಾಣೋ ಹಾಗಿರುತ್ತೆ, ಅದೊಂದೇ ತಕರಾರು. ದೂರ್ಬೀನಲ್ಲಿ ಹತ್ತು ನಿಮಿಷಕ್ಕೆ ಮುಗಿಯೋದನ್ನು ಮುಕ್ಕಾಲು ಗಂಟೆ ಕೂತು ಹೊಲಿಯೋಕೆ ಎಲ್ಲರಿಗೂ ತಾಳ್ಮೆ ಇಲ್ಲ, ಆ ಮಾತು ಬೇರೆ.

ಕಪ್ಪುಬಿಳುಪು
ಆಪರೇಷನ್ ಆರಿಸೋಕೆ ಮುಂಚೆ ಅಳತೆ ಗಟ್ಟಿ ಮಾಡ್ಕೊಳ್ಳಿ. ಟಿಟಿ-ಟಿಜಿ ಅಂದರೆ ತೊಡೆಮೂಳೆಯ ತೋಡಿನ ಆಳದ ಬಿಂದುವಿಗೂ, ಚಿಪ್ಪಿನ ರಜ್ಜು ಅಂಟಿಕೊಳ್ಳೋ ಟಿಬಿಯಾದ (ಮಂಡಿ ಕೆಳಗಿನ ದೊಡ್ಡ ಮೂಳೆ) ಉಬ್ಬು, ಅಂದರೆ ಟ್ಯೂಬರ್ಕಲ್‌ಗೂ ಅಡ್ಡಡ್ಡ ಎಷ್ಟು ಅಂತರ ಅನ್ನೋದು. ಅದು ಹೆಚ್ಚಿದ್ದಷ್ಟೂ ರಜ್ಜು ಚಿಪ್ಪನ್ನು ಹೊರಕ್ಕೆ ಎಳೆಯುತ್ತೆ. 20 ದಾಟಿದರೆ ದೋಷ ಅನ್ನೋ ಲೆಕ್ಕ ಲಿಯೋನ್‌ನ ದೆಜೂರ್ ತಂಡ 1994ರಲ್ಲಿ ಕೊಟ್ಟಿದ್ದು. ಟಿಲ್ಟ್ 20 ಡಿಗ್ರಿ ಅನ್ನೋದೂ ಅಲ್ಲಿಂದಲೇ. ಆದರೆ ಅವರು ನೋಡಿದ್ದು ಚಿಪ್ಪು ಜಾರೋರನ್ನು, ಅಳೆದದ್ದು ಸಿಟಿ ಸ್ಕ್ಯಾನಲ್ಲಿ. ಎಂಆರ್‌ಐ ಕಾಯಿಲ್ ಒಳಗೆ ಮಂಡಿ ಸ್ವಲ್ಪ ಮಡಚಿರುತ್ತೆ, ಮಡಚಿದಷ್ಟೂ ಈ ಅಂಕಿ ಇಳಿಯುತ್ತೆ. ಎಷ್ಟೋ ಸಲ ಸಿಟಿಗಿಂತ 2–4 ಮಿ.ಮೀ. ಕಡಿಮೆ ಬರುತ್ತೆ. ನಿಮ್ಮ ಎಂಆರ್‌ಐ 18 ಸಿಟಿಯಲ್ಲಿ 21 ಆದರೆ ಆಶ್ಚರ್ಯ ಇಲ್ಲ. ಇಬ್ಬರು ಸರ್ಜನ್‌ಗಳ ಮಾತು ಬೇರೆಯಾಗೋಕೆ ಇದೂ ಒಂದು ಕಾರಣ, ಒಬ್ಬರು 18ನ್ನು "ಇನ್ನೂ 20 ಆಗಿಲ್ಲ" ಅಂತ ಓದಿದ್ದಾರೆ.

ವರದಿಯಲ್ಲಿ "ಗ್ರೇಡ್ 3 ಕಾಂಡ್ರೋಮಲೇಶಿಯಾ" (ಕಾರ್ಟಿಲೇಜ್ ಸವೆತ) ಅಂತಷ್ಟೇ ಬರೆದಿದ್ದರೆ ಅರ್ಧ ವರದಿ. ಮೇಲೋ ಕೆಳಗೋ, ಒಳಮಗ್ಗುಲೋ ಹೊರಮಗ್ಗುಲೋ, ಎಷ್ಟು ಮಿ.ಮೀ. ಅಗಲ, ಎದುರಿನ ತೋಡಿನಲ್ಲೂ ಸವೆತ ಇದೆಯಾ, ಇದೆಲ್ಲ ಬರೆಸಿಕೊಳ್ಳಿ. ಇಲ್ಲಿ ಸವೆದ ಜಾಗವನ್ನಾದರೂ ಬರೆದಿದ್ದಾರೆ, ಪುಣ್ಯ.

ಸ್ಕ್ರೂಡ್ರೈವರ್
ಕಪ್ಪುಬಿಳುಪು ಅವರ ಕೊನೇ ಸಾಲಲ್ಲೇ ಇಡೀ ಆಯ್ಕೆ ನಿಂತಿದೆ. ನೋವಿಗಲ್ಲ, ಸವೆದ ಜಾಗಕ್ಕೆ ಆಪರೇಷನ್ ಆರಿಸಬೇಕು.

ಮಂಡಿ ಮಡಚುತ್ತಾ ಹೋದ ಹಾಗೆ ಚಿಪ್ಪಿನ ಯಾವ ಭಾಗ ತೋಡಿಗೆ ತಾಗುತ್ತೆ ಅನ್ನೋದು ಬದಲಾಗುತ್ತೆ. 20–30 ಡಿಗ್ರಿಯಲ್ಲಿ ಕೆಳಭಾಗ, 60ರ ಹೊತ್ತಿಗೆ ನಡು, 90ರಲ್ಲಿ ಮೇಲ್ಭಾಗ. ಟ್ಯೂಬರ್ಕಲನ್ನು ಮುಂದಕ್ಕೆ ಎತ್ತಿದರೆ ಚಿಪ್ಪಿನ ಕೆಳತುದಿ ಹಗುರಾಗಿ ಭಾರ ಮೇಲಕ್ಕೆ ಹೋಗುತ್ತೆ. ಒಳಕ್ಕೆ ಸರಿಸಿದರೆ ಹೊರಮಗ್ಗುಲು ಹಗುರಾಗಿ ಭಾರ ಒಳಮಗ್ಗುಲಿಗೆ. ಹಾಗಾಗಿ ಕೆಳಗೆ ಮತ್ತು ಹೊರಗೆ ಸವೆದವರಿಗೆ ಇದು ಒಗ್ಗುತ್ತೆ. ಒಳಮಗ್ಗುಲು, ಮೇಲ್ಭಾಗ ಅಥವಾ ಪೂರ್ತಿ ಸವೆದಿದ್ದರೆ ಇರೋ ಹುಣ್ಣಿನ ಮೇಲೇ ಭಾರ ಹೇರಿದ ಹಾಗೆ. ಅಮೆರಿಕದ ಸರ್ಜನ್ ಫುಲ್ಕರ್ಸನ್ ತಂಡ 1997ರಲ್ಲಿ ತೋರಿಸಿದ್ದೂ ಇದನ್ನೇ. ಸ್ಕೂಟರಿಂದ ಮಡಚಿದ ಮಂಡಿ ಮೇಲೆ ಬಿದ್ದವರಿಗೆ ಪೆಟ್ಟು ಚಿಪ್ಪಿನ ಮೇಲ್ಭಾಗಕ್ಕೆ ಬೀಳುತ್ತೆ. ಅಂಥವರಿಗೆ ಟ್ಯೂಬರ್ಕಲ್ ಎತ್ತಿದರೆ ನಿರಾಸೆಯೇ ಗತಿ.

ಫುಲ್ಕರ್ಸನ್ 1983ರಲ್ಲಿ ಕೊಟ್ಟದ್ದು ಓರೆ ಕಡಿತ. ಒಂದೇ ಕಡಿತದಲ್ಲಿ ಮೂಳೆ ಒಳಕ್ಕೂ ಮುಂದಕ್ಕೂ ಜಾರುತ್ತೆ. ಎಷ್ಟು ಓರೆ ಅನ್ನೋದೇ ಲೆಕ್ಕ. ಈ ಕೇಸಿಗೆ 18ರಿಂದ 11ಕ್ಕೆ ತರಬೇಕು ಅಂದರೆ 7 ಮಿ.ಮೀ. ಒಳಕ್ಕೆ. 45 ಡಿಗ್ರಿ ಓರೆಯಲ್ಲಿ ಕಡಿದರೆ ಮುಂದಕ್ಕೂ 7. 60 ಡಿಗ್ರಿಯಲ್ಲಿ ಕಡಿದರೆ ಅದೇ 7ಕ್ಕೆ ಮುಂದಕ್ಕೆ 12. ಇವರದ್ದು ಜಾರೋ ಚಿಪ್ಪಲ್ಲ, ಸವೆದ ಚಿಪ್ಪು, ಹಾಗಾಗಿ ಎತ್ತರ ಸಿಗೋ 60ರ ಕಡೆಯೇ ಒಲವು. ಸಿಟಿಯಲ್ಲಿ ಅಂಕಿ ಬದಲಾದರೆ ಈ ಲೆಕ್ಕವೂ ಹೊಸದಾಗಿ ಹಾಕಬೇಕು. 10ಕ್ಕಿಂತ ಕೆಳಗೆ ಇಳಿಸೋದು ಬೇಡ, ಒಳಮಗ್ಗುಲು ಅರೆಯೋಕೆ ಶುರುವಾಗುತ್ತೆ.

ಬೇರೆ ಹೆಸರುಗಳೂ ಕಿವಿಗೆ ಬೀಳಬಹುದು. ಎಲ್ಮ್ಸ್‌ಲಿ-ಟ್ರಿಲ್ಲಾ ಬರೀ ಒಳಕ್ಕೆ ಸರಿಸೋದು, ಜಾರೋ ಚಿಪ್ಪಿಗೆ ಸರಿ, ಸವೆತದ ನೋವಿಗೆ ಸಾಲದು. ಮಾಕೇ ಎರಡು ಸೆಂ.ಮೀ. ನೇರ ಮುಂದಕ್ಕೆ ಎತ್ತಿ ಕೆಳಗೆ ಮೂಳೆತುಂಡು ಇಡೋದು. ಅಲ್ಲಿ ಚರ್ಮವೇ ತೆಳು, ಎತ್ತಿದ ಮೂಳೆ ಮೇಲೆ ಚರ್ಮ ಸತ್ತುಹೋಗ್ತಿತ್ತು. ಹೌಸರ್ 1938ರದ್ದು, ಮೂಳೆಯನ್ನು ಒಳಕ್ಕೆ ಸರಿಸೋ ಭರದಲ್ಲಿ ಹಿಂದಕ್ಕೂ ಒಯ್ಯುತ್ತೆ, ಚಿಪ್ಪಿನ ಒತ್ತಡ ಹೆಚ್ಚಿ ಸಂಧಿವಾತ. ಯಾರಾದರೂ ಅದನ್ನೇ ಹೇಳಿದರೆ ಎದ್ದು ಬನ್ನಿ.

ಥಿಯೇಟರ್ ಸಿಸ್ಟರ್
ಸ್ಕ್ರೂ ಬಗ್ಗೆ ನಾನು ಸೇರಿಸ್ತೀನಿ. 4.5 ಮಿ.ಮೀ. ಕಾರ್ಟಿಕಲ್ ಸ್ಕ್ರೂ ಎರಡು. ಮುಂದಿನ ತುಂಡಿಗೆ 4.5 ಬಿಟ್ (ಕೊರೆಯೋ ಕಡ್ಡಿ), ಹಿಂದಿನ ಗೋಡೆಗೆ 3.2. ಅದಲು ಬದಲಾದರೆ ತುಂಡು ಕಚ್ಚಿ ಕೂರಲ್ಲ. ಬಿಟ್ ಹಿಂದಿನ ಗೋಡೆ ದಾಟಿ ಹತ್ತಿಯಲ್ಲಿ ಸೂಜಿ ಇಳಿದ ಹಾಗೆ ಧಸಕ್ಕಂತ ಇಳಿದರೆ ಅಲ್ಲೇ ಹಿಂದೆ ಕಾಲಿನ ದೊಡ್ಡ ರಕ್ತನಾಳ ಕವಲೊಡೆಯೋ ಜಾಗ. ಅದಕ್ಕೇ ಮಂಡಿ ಮಡಚಿಟ್ಟು, ಬಿಟ್ ಹಿಡಿತದಲ್ಲಿಟ್ಟು ಕೊರೆಯೋದು. ತಲೆ ಒಳಗೆ ಕೂರೋ ಹಾಗೆ ಕೌಂಟರ್‌ಸಿಂಕ್ ಮಾಡಿಸಿ. ಇಲ್ಲದಿದ್ದರೆ ದೇವರ ಮುಂದೆ ಮಂಡಿಯೂರಿದಾಗ, ನಮಾಜಿಗೆ ಕೂತಾಗ ಸ್ಕ್ರೂ ತಲೆಯೇ ಚುಚ್ಚುತ್ತೆ. ಕೌಂಟರ್‌ಸಿಂಕ್ ಮಾಡಿದರೂ ಮೂಳೆ ಕೂಡಿದಮೇಲೆ ತೆಗೆಸೋರು ಬಹಳ ಜನ. ಒಂದೇ ಆಪರೇಷನ್ ಅಂದುಕೊಂಡು ರಜೆ ಲೆಕ್ಕ ಹಾಕಬೇಡಿ.

ಧಾರವಾಡದ ಫಿಸಿಯೋ
ಆಪರೇಷನ್ ಆದ ಮ್ಯಾಲಿಂದು ನಂದು. ರಿಲೀಸ್ ಅಥವಾ ಲೆಂಗ್ತನಿಂಗ್ ಆದ್ರ ಮರುದಿನದಿಂದನ ಕಾಲೂರಬಹುದು, ಚಿಪ್ಪನ್ನ ಕೈಯಿಂದ ಆಡಿಸ್ಕೋತ ಇರ್ಬೇಕು, ಇಲ್ಲಂದ್ರ ಕತ್ತರಿಸಿದ ಜಾಗ ಮತ್ತ ಗಟ್ಟಿ ಗಾಯಾಗಿ ಕೂಡ್ತದ. ಟ್ಯೂಬರ್ಕಲ್ ಸರಿಸಿದ್ರ ಆರು ವಾರ ಬ್ರೇಸ್, ಊರುಗೋಲು, ಪಾದ ತಾಗಿಸೂದಷ್ಟ. ಆರನೇ ವಾರದ ಎಕ್ಸ್‌ರೇನಾಗ ಮೂಳಿ ಕೂಡೂದು ಕಂಡ್ರ ಭಾರ ಏರಿಸೂದು. ಆದ್ರ ಮಂಡಿ ಮಡಚೂದು ಮೊದಲ ವಾರದಿಂದನ ಶುರು, ಇಲ್ಲಂದ್ರ ಬಿಗಿ ಬೀಳ್ತದ.

"ನೋವಿಲ್ರೀ, ನಡದ್ರ ಏನಾಗ್ತದ" ಅಂತ ಮೂರನೇ ವಾರಕ್ಕ ಊರುಗೋಲು ಒಗದವ್ರಿಗೆ ಟಿಬಿಯಾನ ಮುರಿದದ್ದದ. ಕಡಿದ ಜಾಗದ ಕೆಳಗ ಮೂಳಿ ಸೋತಿರ್ತದ, ಅಲ್ಲೇ ಬಿರುಕು ಬಿಡ್ತದ. ಮೊದಲ ಎರಡು ದಿನ ಕಾಲಿನ ಬೆರಳನ್ನ ಕೈಯಿಂದ ಮ್ಯಾಲೆ ಅಥವಾ ಕೆಳಗ ಮಡಚಿದ್ರ ಜೀವ ಹೋಗೂವಂಥ ನೋವು ಬಂದ್ರ, ಮಾತ್ರೆ ನುಂಗಿ ಕೂಡಬ್ಯಾಡ್ರಿ. ಸ್ನಾಯುವಿನ ಒಳಗ ಒತ್ತಡ ಏರಿರಬಹುದು, ತಾಸಿನ ಲೆಕ್ಕದಾಗ ಕಾಲು ಹೋಗ್ತದ. ಬೀಡಿ ಸಿಗರೇಟು ಸೇದೂವ್ರಿಗೆ ಮೂಳಿ ಕೂಡೂದು ತಡ. ಬಿಡಾಕ ಆಗೂದಿಲ್ಲಂದ್ರ ಈ ಆಪರೇಷನ್ನ ಬ್ಯಾಡ.

ಎರಡನೇ ಅಭಿಪ್ರಾಯ
ಎಂಪಿಎಫ್‌ಎಲ್ (ಚಿಪ್ಪನ್ನು ಒಳಮಗ್ಗುಲಿಂದ ಹಿಡಿಯೋ ಕಟ್ಟು) ರಿಪೇರಿ, ಕಾರ್ಟಿಲೇಜ್ ಬೆಳೆಸಿ ಹಾಕೋದು, ಅರ್ಧ ಮಂಡಿ ಬದಲಾವಣೆ, ಪಿಆರ್‌ಪಿ (ಸ್ವಂತ ರಕ್ತದಿಂದ ತೆಗೆದ ಸಾರದ ಇಂಜೆಕ್ಷನ್). ಇದರಲ್ಲಿ ಯಾವುದಾದರೂ ಈ ಕೇಸಿಗೆ ಬರುತ್ತಾ?

ಸ್ಕ್ರೂಡ್ರೈವರ್
ಎಂಪಿಎಫ್‌ಎಲ್ ಬರೋದೇ ಇಲ್ಲ. ಅದು ಜಾರೋ ಚಿಪ್ಪಿಗೆ ಕಟ್ಟೋ ಹಗ್ಗ, ನೋವಿಗೆ ಮದ್ದಲ್ಲ. ತೊಡೆಮೂಳೆ ಕಡೆ ಅದನ್ನು ಕಟ್ಟೋ ಬಿಂದು ಕೆಲವೇ ಮಿ.ಮೀ. ಮೇಲೆ ಹೋದರೂ ಮಂಡಿ ಮಡಚಿದಾಗ ಹಗ್ಗ ಬಿಗಿಯಾಗಿ ಒಳಮಗ್ಗುಲ ಕಾರ್ಟಿಲೇಜನ್ನು ಅರೆಯುತ್ತೆ. ಇಲ್ಲದ ನೋವನ್ನು ತಂದುಕೊಂಡ ಹಾಗೆ.

ಕಾರ್ಟಿಲೇಜ್ ಕೋಶ ಬೆಳೆಸಿ ಹಾಕೋದಕ್ಕೆ ಒಂದು ಹಳೇ ಪಾಠ ಇದೆ. 1994ರಲ್ಲಿ ಸ್ವೀಡನ್‌ನವರ ಮೊದಲ ವರದಿಯಲ್ಲಿ ತೊಡೆಮೂಳೆಯ 16 ಜನರಲ್ಲಿ 14 ಮಂದಿಗೆ ಚೆನ್ನಾಗಾಯ್ತು, ಚಿಪ್ಪಿನ 7 ಜನರಲ್ಲಿ ಇಬ್ಬರಿಗೆ ಮಾತ್ರ. ಚಿಪ್ಪಿನ ದಾರಿ ಸರಿಪಡಿಸದೆ ಹೊಸ ಕಾರ್ಟಿಲೇಜ್ ಹಾಕಿದರೆ ಅದೂ ಸವೆಯುತ್ತೆ. ಗಾಡಿ ಅಲೈನ್‌ಮೆಂಟ್ ಮಾಡಿಸದೆ ಹೊಸ ಟೈರ್ ಹಾಕಿದ ಹಾಗೆ. ಟ್ಯೂಬರ್ಕಲ್ ಜೊತೆಗೆ ಮಾಡೋ ಈಗಿನ ಕ್ರಮದಲ್ಲಿ ಫಲ ಎಷ್ಟೋ ಮೇಲು. ಮೂಳೆವರೆಗೆ ಸವೆದಿದ್ದರೆ ಯೋಚಿಸಬಹುದು, ಗ್ರೇಡ್ 3ಕ್ಕೆ ಮೊದಲು ಭಾರ ಇಳಿಸಿ ನೋಡೋದೇ ಜಾಣತನ.

ಚಿಪ್ಪು ಮತ್ತು ತೋಡು ಮಾತ್ರ ಬದಲಿಸೋ ಆಪರೇಷನ್ ಮೂಳೆಗೆ ಮೂಳೆ ತಾಗಿದವರಿಗೆ. ಡೆನ್ಮಾರ್ಕ್‌ನಲ್ಲಿ 100 ಜನರನ್ನು ಪಾಲು ಮಾಡಿ ಪೂರ್ತಿ ಮಂಡಿ ಬದಲಾವಣೆ ಜೊತೆ ಹೋಲಿಸಿದಾಗ ಮೊದಲ ಎರಡು ವರ್ಷ ಇದೇ ಮೇಲಾಗಿತ್ತು, ಮಂಡಿ ಮಡಚೋದೂ ಚೆನ್ನಾಗಿತ್ತು. ಆದರೆ ಉಳಿದ ಮಂಡಿ ಮುಂದೆ ಸವೆದರೆ ಮತ್ತೆ ಪೂರ್ತಿ ಬದಲಿಸಬೇಕು. 34ಕ್ಕೆ ಆ ಮಾತು ಯಾಕೆ. ಚಿಪ್ಪನ್ನೇ ತೆಗೆಯೋದಂತೂ ಬೇಡವೇ ಬೇಡ, ಕಾಲು ನೀಡೋ ಬಲವೇ ಕುಸಿಯುತ್ತೆ. ಪಿಆರ್‌ಪಿ ಟಿಲ್ಟ್ ಇಳಿಸಲ್ಲ, ಟ್ಯೂಬರ್ಕಲನ್ನೂ ಸರಿಸಲ್ಲ.

ಚಿಪ್ಪಿನೊಳಗೆ
ಎಲ್ಲರೂ ಕಾರ್ಟಿಲೇಜ್ ಹಿಂದೆ ಬಿದ್ದಿದ್ದೀರಿ, ಅದರಲ್ಲಿ ನರವೇ ಇಲ್ಲ. ಸ್ಕಾಟ್ ಡೈ ಅನ್ನೋ ಸರ್ಜನ್ ಮಂಡಿಯೊಳಗೆ ಮರಗಟ್ಟಿಸೋ ಮದ್ದು ಹಾಕದೆ ತನ್ನದೇ ಮಂಡಿಗೆ ದೂರ್ಬೀನು ಹಾಕಿಸಿಕೊಂಡು, ಒಂದೊಂದೇ ಭಾಗ ಚುಚ್ಚಿಸಿ ಎಲ್ಲಿ ಎಷ್ಟು ನೋವು ಅಂತ ನಕ್ಷೆ ಬರೆದು 1998ರಲ್ಲಿ ಪ್ರಕಟಿಸಿದ. ಚಿಪ್ಪಿನ ಕಾರ್ಟಿಲೇಜ್ ಚುಚ್ಚಿದರೆ ಏನೂ ಗೊತ್ತಾಗಲಿಲ್ಲ. ಮುಂದಿನ ಒಳಪೊರೆ ಮತ್ತು ಚಿಪ್ಪಿನ ಕೆಳಗಿನ ಕೊಬ್ಬಿನ ದಿಂಬು ಮುಟ್ಟಿದರೆ ಚೀರೋ ಹಾಗಿತ್ತು. ಹಾಗಾಗಿ ಫಿಲ್ಮಲ್ಲಿ ಸವೆತ ಕಂಡ ಮಾತ್ರಕ್ಕೆ ನೋವು ಅಲ್ಲಿಂದಲೇ ಅನ್ನೋ ಹಾಗಿಲ್ಲ. ಬೆರಳಿಂದ ಒತ್ತಿ ನೋಡಿಸಿ. ಕೊಬ್ಬಿನ ದಿಂಬಿನಲ್ಲಿ ನೋವಿದ್ದರೆ ಅಲ್ಲಿಗೆ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಕೂಡಲೇ ಮೆಟ್ಟಿಲು ಇಳಿಸಿದರೆ ಉತ್ತರ ಸಿಗುತ್ತೆ. ಚಿಪ್ಪಿನ ಕೆಳತುದಿಯಲ್ಲಿ ರಜ್ಜು ಅಂಟೋ ಜಾಗದಲ್ಲಿ ಮಾತ್ರ ನೋವಿದ್ದರೆ ಅದು ಬೇರೆಯೇ ಕಾಯಿಲೆ.

ಸ್ಕ್ರೂಡ್ರೈವರ್
ಒಪ್ಪಿದೆ, ಅರ್ಧ. ಕಾರ್ಟಿಲೇಜಿಗೆ ನರ ಇಲ್ಲ, ಅದರ ಕೆಳಗಿನ ಮೂಳೆಗೆ ಇದೆ. ಸವೆತದ ಕೆಳಗೆ ಎಂಆರ್‌ಐನಲ್ಲಿ ಮೂಳೆ ಬೆಳ್ಳಗೆ ಊದಿದ್ದು ಕಂಡರೆ ಆ ಜಾಗಕ್ಕೆ ಭಾರ ಬೀಳ್ತಿದೆ ಅಂತ. ಇಂಜೆಕ್ಷನ್ ಪರೀಕ್ಷೆ ಮಾತ್ರ ಖಂಡಿತ ಮಾಡಿಸಿ, ಅಗ್ಗದ ಮದ್ದು ಒಂದು ಆಪರೇಷನ್ ಉಳಿಸಬಹುದು.

ಎರಡನೇ ಅಭಿಪ್ರಾಯ
ಮೊದಲೇ ರಿಲೀಸ್ ಆಗಿ ನೋವು ಜಾಸ್ತಿಯಾಗಿದ್ದರೆ?

ಧಾರವಾಡದ ಫಿಸಿಯೋ
ಟೇಪ್ ತಿರುಗಿಸಿ ಹಚ್ಚಿ ನೋಡ್ರಿ. ಮಾಮೂಲಿ ಚಿಪ್ಪನ್ನ ಒಳಗ ಎಳದು ಟೇಪ್ ಹಚ್ಚತೀವಿ. ಇವ್ರಿಗೆ ಹೊರಗ ಎಳದು ಹಚ್ಚಿ ಮೆಟ್ಟಿಲು ಹತ್ತಿಸಿ ಇಳಿಸ್ರಿ. ನೋವು ಕಡಿಮಿ ಆತು ಅಂದ್ರ ಚಿಪ್ಪು ಒಳಗ ಜಾರಾಕತ್ತದ ಅಂತ. ಅವ್ರಿಗೆ ಹೊರಮಗ್ಗುಲು ಪಟ್ಟಿ ಮತ್ತ ಕಟ್ಟೂ ಆಪರೇಷನ್ ಬೇಕು, ಇನ್ನೊಂದ್ಸಲ ಕತ್ತರಿಸೂದಲ್ಲ.

ಕೆರೆದಂಡೆ
ಸರಿ, 12 ವಾರದ ಪಟ್ಟಿ ಬರೆದುಕೊಂಡಾಯ್ತು. ಅದರ ಜೊತೆಗೇ ಸಿಟಿ ಬರೆಸೋದಾದರೆ ಚೀಟಿಯಲ್ಲಿ ಏನೇನು ಇರಬೇಕು?

ಕಪ್ಪುಬಿಳುಪು
"ಎರಡೂ ಮಂಡಿ ನೀಟ ಇಟ್ಟು ಟಿಟಿ-ಟಿಜಿ, ಜೊತೆಗೆ ತಿರುಚಿನ ಅಳತೆ" ಅಂತ ಬರೆಸಿ. ಸೊಂಟ, ಮಂಡಿ, ಪಾದದ ಕೀಲು ಮೂರು ಕಡೆ ಸ್ವಲ್ಪ ಸ್ವಲ್ಪ ಸ್ಲೈಸ್ ಸಾಕು, ಇಡೀ ಕಾಲು ಬೇಡ. ಪಾದಗಳನ್ನು ಟೇಪಿಂದ ಕಟ್ಟಿಸಿ, ನಡುವೆ ಅಲ್ಲಾಡಿದರೆ ಅಳತೆ ಕೆಡುತ್ತೆ. ತೊಡೆಮೂಳೆ ಒಳಕ್ಕೆ 30 ಡಿಗ್ರಿಗಿಂತ ಹೆಚ್ಚು ತಿರುಚಿದ್ದರೆ ಟ್ಯೂಬರ್ಕಲ್ ಲೆಕ್ಕವೆಲ್ಲ ಪಕ್ಕಕ್ಕಿಟ್ಟು ಮೊದಲು ಅದರ ಬಗ್ಗೆ ಮಾತಾಡಬೇಕಾಗುತ್ತೆ. ಅಂಕಿ ಬಂದಮೇಲೆ ಇದೇ ಎಳೆಗೆ ಹಾಕಿ, ಫಿಲ್ಮಿನ ಮೂಲೆಯಲ್ಲಿರೋ ಹೆಸರು ಮುಚ್ಚಿ.